ಎಡಗೈಯ ಹಿಡಿ

ವಿಮಾನ ಮತ್ತೆ ಎಡಕ್ಕೆ ವಾಲಿತು. ಜಾಯ್‌ಸ್ಟಿಕ್ಕನ್ನು ಯಾರೂ ಮುಟ್ಟಿರಲಿಲ್ಲ. ಪರದೆಯ ಮೇಲಿನ ದಿಗಂತ ಓರೆಯಾಯಿತು, ಹಸಿರು ನೆಲ ಮೇಲೆದ್ದು ಬಂತು, ಎಲ್ಲ ನಿಂತುಹೋಯಿತು.

"ಬೆಳಗ್ಗೆಯಿಂದ ಏಳನೇ ಸಲ ಮಾವ," ಎಂದ ಚಿಕ್ಕಳಿಯ, ಕುರ್ಚಿಯ ಹಿಂದೆ ನಿಂತು. "ನಮಗೆ ಸಾಯೋದು ಅಭ್ಯಾಸ ಆಗೋಯ್ತು."

ಮಾವ ಹೊಟ್ಟೆ ಕುಲುಕಿಸಿಕೊಂಡು ನಕ್ಕರು. ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದ ದೊಡ್ಡಳಿಯನಿಗೆ ಆ ನಗು ಕೇಳಿಸಿತು. ಈ ಮನುಷ್ಯನ ಕೈಕೆಳಗೆ ಅವನು ಇಪ್ಪತ್ತೆರಡು ವರ್ಷ ದುಡಿದಿದ್ದ. ಅಷ್ಟು ವರ್ಷಗಳಲ್ಲಿ ಇಂಥ ನಗು ತನ್ನ ಪಾಲಿಗೆ ಎಷ್ಟು ಸಲ ಬಂದಿತ್ತೆಂದು ಒಂದೇ ಕೈಯ ಬೆರಳಲ್ಲಿ ಎಣಿಸಬಹುದಿತ್ತು.

"ಓ, ಬನ್ನಿ ಬನ್ನಿ," ಎಂದು ಮಾವ ಎದ್ದು ನಿಂತರು.

ಅವನು ಬಂದರೆ ಯಾವಾಗಲೂ ಎದ್ದು ನಿಲ್ಲುತ್ತಿದ್ದರು. ವರ್ಕ್‌ಶಾಪಿನಲ್ಲಿ ಅವರು ಮೇಸ್ತ್ರಿ, ಅವನು ಕೆಲಸ ಕಲಿಯಲು ಬಂದ ಹುಡುಗ. ಆಗ "ಲೇ, ಬಾರೋ ಇಲ್ಲಿ" ಎನ್ನುತ್ತಿದ್ದರು. ದೊಡ್ಡ ಮಗಳನ್ನು ಕೊಟ್ಟ ದಿನದಿಂದ ಅದು "ಬನ್ನಿ" ಆಯಿತು. ಅವನು ಮಾತ್ರ ಇವತ್ತಿಗೂ "ಮೇಸ್ತ್ರಿ" ಎಂದೇ ಕರೆಯುತ್ತಿದ್ದ. "ಮಾವ" ಎನ್ನಲು ನಾಲಿಗೆ ಏಳುತ್ತಿರಲಿಲ್ಲ. ಆರು ವರ್ಷದ ಹಿಂದೆ ಮನೆ ಸೇರಿದ ಈ ಚಿಕ್ಕವನಿಗೆ ಮೊದಲ ದಿನದಿಂದಲೂ "ಬಾರಪ್ಪಾ".

ಮೇಸ್ತ್ರಿಯ ಕೆಲಸ ವಿಮಾನದ ಮೀಟರುಗಳ ರಿಪೇರಿ. ಎತ್ತರ ತೋರಿಸುವುದು, ವೇಗ ತೋರಿಸುವುದು, ಎಲ್ಲ ಮುಳ್ಳುಗಳೂ ಅವರ ಮೇಜಿನ ಮೇಲೆ ಹಾದುಹೋಗಿದ್ದವು. ಆದರೆ ಆ ಮೀಟರುಗಳು ಕೂರುವ ಜಾಗದಲ್ಲಿ ಅವರು ಒಮ್ಮೆಯೂ ಕೂತವರಲ್ಲ. ರಿಟೈರಾದ ಮೇಲೆ ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಹುಚ್ಚು ಹಿಡಿಯಿತು. ಅಂಗಡಿಯಲ್ಲಿ ಸಿಕ್ಕ ಜಾಯ್‌ಸ್ಟಿಕ್ಕುಗಳೆಲ್ಲ ಬಲಗೈಗೆ ಮಾಡಿದವು, ಇವರು ಎಡಚರು. "ನಾವೇ ಮಾಡೋಣ ಬಿಡಿ ಮಾವ" ಎಂದವನು ಚಿಕ್ಕಳಿಯ. ಎರಡು ತಿಂಗಳಿಂದ ಪ್ರತಿ ಭಾನುವಾರ ಇಬ್ಬರೂ ಇದೇ ಕೋಣೆಯಲ್ಲಿ ಕೂತು ಅದನ್ನು ಕಟ್ಟಿದರು. ದೊಡ್ಡಳಿಯನಿಗೆ ಸುದ್ದಿ ಗೊತ್ತಾದದ್ದು ಹೆಂಡತಿಯಿಂದ, ಅದೂ ಬಟ್ಟೆ ಮಡಚುತ್ತಾ ಮಾತಿಗೆ ಮಾತು ಬಂದು.

"ಚಪ್ಪಲಿ ಅಂಗಡೀಲಿ ಕಾಲಿನ ಅಳತೆ ತಗೊಳ್ಳೋನು," ಎಂದಿದ್ದ ಅವನು. "ಅವನಿಗೇನು ಗೊತ್ತು ಕೈ ಕೆಲಸ?"

"ನಿಮ್ಮನ್ನ ಕರೀಲಿಲ್ಲ ಅಂತ ತಾನೆ?" ಎಂದಿದ್ದಳು ಅವಳು, ಮಡಚುವುದನ್ನು ನಿಲ್ಲಿಸದೆ.

ಈಗ ಕರೆ ಬಂದಿತ್ತು. ಕೆಟ್ಟ ಮೇಲೆ. ಅವನು ಉಪಕರಣದ ಚೀಲ ಕೆಳಗಿಟ್ಟು ಕುರ್ಚಿ ಎಳೆದುಕೊಂಡ. ಜೊತೆಗೆ ಬಂದಿದ್ದ ಹೆಂಡತಿ ಅಮ್ಮನನ್ನು ಹುಡುಕಿಕೊಂಡು ಅಡುಗೆಮನೆಗೆ ಹೋದಳು.

ಜಾಯ್‌ಸ್ಟಿಕ್ಕಿನ ಹಿಡಿಯನ್ನು ಅವನು ತಿರುಗಿಸಿ ತಿರುಗಿಸಿ ನೋಡಿದ. ಚಿಕ್ಕವನು ಚಪ್ಪಲಿಯ ಅಟ್ಟೆಗೆ ಬಳಸುವ ಕಾರ್ಕನ್ನು ಕೆತ್ತಿ, ಮೇಲೆ ತೆಳುವಾದ ಕಂದು ಚರ್ಮ ಎಳೆದು ಹೊಲಿದಿದ್ದ. ಹೊಲಿಗೆಯ ಒಂದು ಗಂಟೂ ಹೊರಗೆ ಕಾಣುತ್ತಿರಲಿಲ್ಲ. ಬೆರಳಿಗೊಂದೊಂದು ತಗ್ಗು, ಅಂಗೈಗೆ ಆಳವಾದ ಗುಳಿ, ಮುಂಗೈಗೆ ಒಂದು ಅಗಲ ಪಟ್ಟಿ. ಅವನು ತನ್ನ ಬಲಗೈಯನ್ನು ಅದರ ಮೇಲಿಟ್ಟ. ಕೂರಲಿಲ್ಲ. ಎಡಗೈಯನ್ನಿಟ್ಟ. ಅದೂ ಕೂರಲಿಲ್ಲ. ಅದು ಒಬ್ಬರ ಕೈಗಷ್ಟೇ ಮಾಡಿದ ಹಿಡಿ. ಇಪ್ಪತ್ತೆರಡು ವರ್ಷ ಪಕ್ಕದ ಸ್ಟೂಲಿನಲ್ಲಿ ಕೂತು ಆ ಎಡಗೈಯನ್ನು ನೋಡಿದವನಿಗೆ ಅದರ ಅಳತೆ ತೆಗೆಯಬೇಕೆಂದು ಎಂದೂ ಹೊಳೆದಿರಲಿಲ್ಲ.

"ಚೆನ್ನಾಗಿದ್ಯಾ ಭಾವ?" ಎಂದ ಚಿಕ್ಕಳಿಯ.

"ಹೊರಗಡೆ ಚೆನ್ನಾಗೇ ಇರುತ್ತೆ. ತೊಂದರೆ ಇರೋದು ಒಳಗೆ."

ತಳದ ನಾಲ್ಕು ಸ್ಕ್ರೂ ಬಿಚ್ಚಿದ. ಒಳಗೆ, ಕಡ್ಡಿ ಅತ್ತಿತ್ತ ಆಡಿದಂತೆ ತಿರುಗುವ ಎರಡು ಪುಟ್ಟ ಭಾಗಗಳು, ರೇಡಿಯೋದ ವಾಲ್ಯೂಮ್ ಗುಂಡಿಯ ಕೆಳಗಿರುವಂಥವು. ಒಂದು ಎಡಬಲಕ್ಕೆ, ಒಂದು ಮೇಲೆ ಕೆಳಗೆ. ಎರಡರಿಂದಲೂ ಮೂರು ಮೂರು ತಂತಿ ಹೊರಟು ಬೋರ್ಡಿಗೆ ಹೋಗುತ್ತಿದ್ದವು. ಅವನು ಆ ತಂತಿಗಳ ಎರಡು ಪ್ಲಗ್ಗುಗಳನ್ನು ಬೋರ್ಡಿನಲ್ಲಿ ಅದಲುಬದಲು ಮಾಡಿ ಮತ್ತೆ ಹಾರಿಸಿದ. ಈಗ ವಿಮಾನ ವಾಲಲಿಲ್ಲ, ಮೂಗು ಬಗ್ಗಿಸಿ ನೆಲಕ್ಕೆ ಬಿತ್ತು.

"ಎಂಟನೇದು," ಎಂದ ಚಿಕ್ಕಳಿಯ.

"ಪ್ಲಗ್ ಜೊತೆ ತಪ್ಪೂ ಜಾಗ ಬದಲಾಯಿಸ್ತು, ಅಂದ್ರೆ ಬೋರ್ಡ್ ಸರಿಯಾಗಿದೆ. ತಪ್ಪಿರೋದು ಎಡಬಲದ ಕಡೆ," ಎಂದ ದೊಡ್ಡಳಿಯ, ನಗದೆ. ಭೂತಗನ್ನಡಿ ತೆಗೆದು ಬಗ್ಗಿದ.

ಆರು ಬೆಸುಗೆಗಳಿದ್ದವು. ಐದು ಬೆಳ್ಳಿಯ ಹನಿಗಳಂತೆ ಹೊಳೆಯುತ್ತಿದ್ದವು. ಚಪ್ಪಲಿ ಅಂಗಡಿಯವನು ಎರಡು ತಿಂಗಳಲ್ಲಿ ಕಲಿತುಬಿಟ್ಟಿದ್ದ. ಆರನೆಯದು, ಎಡಬಲದ ಭಾಗದ ನಡುವಿನದು, ಬೂದಿ ಬಣ್ಣದ ಮುದ್ದೆ. ಪಕ್ಕದ ಪ್ಲಾಸ್ಟಿಕ್ಕು ನಾಲ್ಕು ಕಡೆ ಸುಟ್ಟಿತ್ತು. ಕಡ್ಡಿಯನ್ನು ಅಲುಗಿಸಿದರೆ ಮುದ್ದೆಯೊಳಗೆ ತಂತಿ ಅಲುಗುತ್ತಿತ್ತು. ಅವನಿಗೆ ಎದೆ ತಂಪಾಯಿತು.

"ಬನ್ನಿ ಇಲ್ಲಿ, ಎಲ್ರೂ ನೋಡಿ," ಎಂದು ಕೂಗಿದ. ಅಡುಗೆಮನೆಯಿಂದ ಅತ್ತೆ, ಹೆಂಡತಿ, ನಾದಿನಿ ಮೂವರೂ ಬಂದರು. "ಯಾರಪ್ಪ ಹಾಕಿದ್ದು ಈ ಬೆಸುಗೇನ? ಕಾಗೆ ಹಿಕ್ಕೆ ಹಾಕಿದ ಹಾಗಿದೆ."

"ನಂದೇ ಭಾವ," ಎಂದ ಚಿಕ್ಕಳಿಯ ತಕ್ಷಣ. "ಅವತ್ತು ಕರೆಂಟ್ ಸರಿ ಇರ್ಲಿಲ್ಲ."

"ಕರೆಂಟ್ ಮೇಲೆ ಯಾಕೆ ಹಾಕ್ತೀಯ? ನಮ್ಮ ವರ್ಕ್‌ಶಾಪಲ್ಲಿ ಇಂಥ ಬೆಸುಗೆ ಹಾಕಿದೋನನ್ನ ಮಾರನೇ ದಿನ ಗೇಟಿನೊಳಗೇ ಬಿಡ್ತಿರ್ಲಿಲ್ಲ. ಅಲ್ವಾ ಮೇಸ್ತ್ರಿ?"

ಮಾವ ಕಿಟಕಿಯ ಕಡೆ ನೋಡುತ್ತಿದ್ದರು. "ಹೌದು," ಎಂದರು. "ಬಿಡ್ತಿರ್ಲಿಲ್ಲ."

"ಸಾಕು ಬಿಡ್ರಿ," ಎಂದಳು ಹೆಂಡತಿ. "ತಪ್ಪು ಸಿಕ್ತಲ್ಲ, ಸರಿ ಮಾಡಿ."

ಅವನು ಬೆಸುಗೆ ಹಾಕುವ ಬಿಸಿ ಕಡ್ಡಿಯನ್ನು ತಾಗಿಸಿದ. ಮುದ್ದೆ ಕರಗಿ ಇಳಿಯಿತು, ಒಳಗಿನ ತಂತಿ ಬಯಲಾಯಿತು. ಇಕ್ಕಳದಲ್ಲಿ ಎಳೆಯಲು ಹೋದವನು ಹಾಗೇ ನಿಂತ.

ತಂತಿಯ ಎಳೆಗಳನ್ನು ಎಡಕ್ಕೆ ಹೊಸೆಯಲಾಗಿತ್ತು. ಹೊಸೆದು, ತೂತಿನಲ್ಲಿ ಎರಡು ಸಲ ತೂರಿಸಿ, ತುದಿಯನ್ನು ಹಿಂದಕ್ಕೆ ಮಡಚಲಾಗಿತ್ತು. ಹಾಗೆ ಮಾಡುವ ಇಬ್ಬರನ್ನಷ್ಟೇ ಅವನು ಬಲ್ಲ. ಒಬ್ಬರು ಎಡಚ ಮೇಸ್ತ್ರಿ. ಇನ್ನೊಬ್ಬ, ಬಲಗೈಯವನಾದರೂ ಅವರನ್ನು ನೋಡಿ ನೋಡಿ ಹಾಗೇ ರೂಢಿಯಾದ ಅವನೇ. ಉಳಿದ ಐದನ್ನೂ ಭೂತಗನ್ನಡಿಯಲ್ಲಿ ನೋಡಿದ. ಐದೂ ಬಲಕ್ಕೆ.

ನಿಧಾನವಾಗಿ ತಲೆಯೆತ್ತಿದ. ಮಾವ ಎಡಗೈಯನ್ನು ಬಲಗಂಕುಳಲ್ಲಿ ಒತ್ತಿ ಹಿಡಿದು ನಿಂತಿದ್ದರು, ಚಳಿಯಾದವರಂತೆ. ತೋಳಿನ ಬಟ್ಟೆ ಸಣ್ಣಗೆ ಅದುರುತ್ತಿತ್ತು. ಅವನು ಬಂದು ಒಂದು ಗಂಟೆಯಾಗಿತ್ತು. ಆ ಕೈಯ ಕಡೆ ನೋಡಿಯೇ ಇರಲಿಲ್ಲ. ಹಿಡಿಯ ಗುಳಿ ಅಷ್ಟು ಆಳ ಏಕೆಂದು, ಆ ಪಟ್ಟಿ ಏಕೆಂದು ಈಗ ಗೊತ್ತಾಯಿತು. ಚಿಕ್ಕಳಿಯ ಹೆಂಗಸರ ಹಿಂದೆ ನಿಂತು ಅವನನ್ನೇ ನೋಡುತ್ತಿದ್ದ. ಕಂಡೂ ಕಾಣದ ಹಾಗೆ ತಲೆಯಾಡಿಸಿದ: ಬೇಡ.

ಮೇಸ್ತ್ರಿಯ ಕೈ ನಡುಗುವುದು ಈ ಚಿಕ್ಕವನಿಗೆ ಎಷ್ಟು ದಿನದಿಂದ ಗೊತ್ತು? ಮೇಸ್ತ್ರಿ ತಾವಾಗಿ ಹೇಳಿದರೇ, ಇವನೇ ಕಂಡುಕೊಂಡನೇ? "ಒಂದನ್ನ ನಾನು ಹಾಕ್ತೀನಿ, ಕೊಡು" ಎಂದು ಅವರು ಕೈ ಚಾಚಿರಬೇಕು. ಇವನು ಕೊಟ್ಟಿರಬೇಕು. ಪ್ಲಾಸ್ಟಿಕ್ಕು ಸುಡುವಾಗ ಬೇರೆ ಕಡೆ ನೋಡಿರಬೇಕು. ಆ ಜಾಗದಲ್ಲಿ ತಾನಿದ್ದಿದ್ದರೆ ಏನು ಮಾಡುತ್ತಿದ್ದೆ ಎಂಬುದು ದೊಡ್ಡಳಿಯನಿಗೆ ಚೆನ್ನಾಗಿ ಗೊತ್ತಿತ್ತು. ಈಗ ತಾನೇ ಮಾಡಿ ತೋರಿಸಿದ್ದ.

ಎಲ್ಲರೂ ಅವನು ಮುಂದೇನು ಹೇಳುತ್ತಾನೆಂದು ಕಾಯುತ್ತಿದ್ದರು. ಬೈಗುಳ ಇಲ್ಲಿಗೇ ನಿಂತರೆ ಮೇಸ್ತ್ರಿಗೆ ಗೊತ್ತಾಗುತ್ತದೆ; ವಿದ್ಯೆ ಕಲಿಸಿದವರು ಅವರೇ, ತಂತಿಯಲ್ಲಿ ತಾನು ಏನು ಓದಿದೆನೆಂದು ಅವರಿಗೆ ತಿಳಿಯದೆ ಇರುವುದಿಲ್ಲ. ಮುಂದುವರಿಸಿದರೆ ಪ್ರತಿಯೊಂದು ಮಾತೂ ಅವರಿಗೇ ತಾಗುತ್ತದೆ. ಸುಳ್ಳು ಹೇಳಿ ಕಾಪಾಡುವ ಕೆಲಸ ಚಿಕ್ಕವನು ಮುಗಿಸಿಬಿಟ್ಟಿದ್ದ. ತನಗೆ ಉಳಿದದ್ದು ಬೈಯುವ ಕೆಲಸ.

"ಇನ್ನೊಂದ್ಸಲ ಹೀಗೆ ಮಾಡಿದ್ರೆ," ಎಂದು ಶುರುಮಾಡಿದ, ಚಿಕ್ಕಳಿಯನ ಕಡೆ ಬೆರಳು ತೋರಿಸಿ. "ನಿನ್ನ ಕೈಗೆ ಬಿಸಿ ಕಡ್ಡಿ ಕೊಡೋರಿಗೆ ಬುದ್ಧಿ ಇಲ್ಲ ಅಂತೀನಿ."

"ಆಯ್ತು ಭಾವ," ಎಂದ ಅವನು, ಉಸಿರು ಬಿಟ್ಟು.

ಮಾವ ಕಿಟಕಿಯಿಂದ ತಿರುಗಿದರು. "ನೀವು ಮೊದಲನೇ ವರ್ಷ ಹಾಕ್ತಿದ್ದದ್ದೂ ಹೀಗೇ ಇರ್ತಿತ್ತು," ಎಂದರು ಮೆಲ್ಲಗೆ.

"ಹೌದು ಮೇಸ್ತ್ರಿ. ಇದಕ್ಕಿಂತ ಕಡೆಯಾಗಿತ್ತು."

"ಅಷ್ಟು ಕಡೆ ಏನಿರ್ಲಿಲ್ಲ," ಎಂದರು ಅವರು.

ಹೆಂಗಸರು ಒಳಗೆ ಹೋದರು. ಅವನು ಹಳೆಯ ತುದಿಯನ್ನು ಕತ್ತರಿಸಿ, ತಂತಿಯನ್ನು ಮತ್ತೆ ಹೊಸೆದು ಬೆಸೆದ. ಎರಡು ಕ್ಷಣದ ಕೆಲಸ. ಬೆಸುಗೆ ಹೊಳೆಯಿತು. ಪ್ಲಗ್ಗುಗಳನ್ನು ಅವುಗಳ ಜಾಗಕ್ಕೆ ಹಾಕಿದ, ಸ್ಪ್ರಿಂಗು ಕೂರಿಸಿದ, ಕಡ್ಡಿಯನ್ನು ನಾಲ್ಕೂ ದಿಕ್ಕಿಗೆ ಆಡಿಸಿ ತಂತಿಗೆ ಎಳೆತವಿಲ್ಲವೆಂದು ನೋಡಿದ. ತಳದ ತಗಡನ್ನು ಮುಚ್ಚಿ ಸ್ಕ್ರೂ ಬಿಗಿದ. ಒಂದು, ಎರಡು, ಮೂರು. ನಾಲ್ಕನೆಯದು ಬೆರಳಲ್ಲೇ ಉಳಿಯಿತು.

ಹಿಂದೆ ಚಿಕ್ಕಳಿಯ ಮಾವನಿಗಾಗಿ ಕುರ್ಚಿ ಎಳೆಯುತ್ತಿದ್ದ. "ಬನ್ನಿ ಮಾವ, ಈ ಸಲ ಸಾಯೋದು ಬೇಡ."

ದೊಡ್ಡಳಿಯ ಜಾಯ್‌ಸ್ಟಿಕ್ಕನ್ನು ಎತ್ತಿ ಮೇಜಿನ ಮೇಲೆ ನೆಟ್ಟಗೆ ಇಟ್ಟ.

ಮಾವ ಪಟ್ಟಿಯೊಳಗೆ ಕೈ ತೂರಿಸಿದರು. ವಿಮಾನ ಓಡಿತು, ಎದ್ದಿತು, ಮನೆಗಳೆಲ್ಲ ಚಿಕ್ಕವಾದವು. ಮೋಡದ ಮೇಲೆ ಬಂದ ಮೇಲೆ ಅವರು ಕೈಯನ್ನು ಹೊರಗೆ ತೆಗೆದು ತೊಡೆಯ ಮೇಲಿಟ್ಟುಕೊಂಡರು. ದಿಗಂತ ಕದಲಲಿಲ್ಲ. ತೊಡೆಯ ಮೇಲೆ ಕೈ ನಡುಗುತ್ತಿತ್ತು, ಚಿಕ್ಕಳಿಯ ಅದರ ಮೇಲೆ ತನ್ನ ಕೈಯಿಟ್ಟ. ಇಬ್ಬರೂ ಪರದೆಯನ್ನೇ ನೋಡುತ್ತಿದ್ದರು.

"ಭೇಷ್," ಎಂದರು ಮಾವ, ಯಾರಿಗೆಂದಿಲ್ಲದೆ.

"ಇನ್ನು ಇದನ್ನ ಬಿಚ್ಚೋ ಹಾಗೇ ಇಲ್ಲ ಭಾವ," ಎಂದ ಚಿಕ್ಕಳಿಯ.

ಮೂರು ಸ್ಕ್ರೂ ಒಂದು ತಿಂಗಳು ತಡೆಯುತ್ತವೆ, ಹೆಚ್ಚೆಂದರೆ ಐದು ವಾರ. ಆಮೇಲೆ ತಳ ಗಟಗಟ ಅನ್ನಲು ಶುರುವಾಗುತ್ತದೆ, ಮತ್ತೆ ಕರೆ ಬರುತ್ತದೆ.

ಮಧ್ಯಾಹ್ನ ಗಂಡ ಹೆಂಡತಿ ಬಸ್ಸಿನಲ್ಲಿ ಅಕ್ಕಪಕ್ಕ ಕೂತರು. ಕಿಟಕಿಯ ಬಿಸಿಲು ಅವಳ ಮಡಿಲಲ್ಲಿ ಬಿದ್ದಿತ್ತು.

"ನೀವು ಅವನಿಗೆ ಅಷ್ಟು ಬೈಯಬಾರದಿತ್ತು," ಎಂದಳು.

"ಹೂಂ."

"ಅಪ್ಪಂಗೆ ಯಾಕೋ ಊಟವೇ ಸೇರ್ಲಿಲ್ಲ."

ಅವನು ಅಂಗಿಯ ಜೇಬಿಗೆ ಎರಡು ಬೆರಳು ಇಳಿಬಿಟ್ಟಿದ್ದ. ಅಲ್ಲಿ ಸ್ಕ್ರೂವಿನ ಸಣ್ಣ ತಲೆ ಸಿಕ್ಕಿತು, ಮೈಯ ಕಾವಿಗೆ ಬೆಚ್ಚಗಿತ್ತು. ಬಸ್ಸು ತಿರುವಿನಲ್ಲಿ ವಾಲಿದಾಗ ಹೆಂಡತಿಯ ಭುಜ ಅವನ ಭುಜಕ್ಕೆ ತಾಗಿತು. ರಸ್ತೆ ನೆಟ್ಟಗಾದ ಮೇಲೂ ಅವಳು ಹಾಗೇ ಒರಗಿದ್ದಳು. ಅವನು ಸ್ಕ್ರೂವನ್ನು ಬೆರಳುಗಳ ನಡುವೆ ತಿರುಗಿಸುತ್ತಾ ಹೊರಗೆ ನೋಡುತ್ತಿದ್ದ.