ಟೇಬರ್ ಕ್ರೀಕಿನ ಬದಿಗೆರೆ

ಶರತ್ಕಾಲದಲ್ಲಿ ನೆಬ್ರಾಸ್ಕಾದ ಮೇಲೆ ಹಾದು ದಕ್ಷಿಣಕ್ಕೆ ಹೋಗುವ ಕ್ರೌಂಚಗಳು ನಮ್ಮೂರ ಮೈದಾನ ಬಂದ ಕೂಡಲೇ ಕೆಳಗೆ ನೋಡಿ, ನಾನು ಎಳೆದ ಬಿಳಿಗೆರೆಗೆ ಸರಿಯಾಗಿ ತಮ್ಮ ಸಾಲು ತಿದ್ದಿಕೊಂಡು ಮುಂದೆ ಹಾರುತ್ತಿದ್ದವು. ನಲವತ್ತೆರಡು ವರ್ಷ ಹೀಗೆ ನಡೆಯಿತು. ನಾನು ಕೆಲಸ ಬಿಟ್ಟ ವರ್ಷ ಅರ್ಧಕ್ಕರ್ಧ ಹಕ್ಕಿಗಳು ದಾರಿ ತಪ್ಪಿ ಕೆನಡಾಕ್ಕೇ ವಾಪಸು ಹೋದವು. ಬೇಕಾದರೆ ಯಾರನ್ನಾದರೂ ಕೇಳಿ.

ರೂಡಿ ವೋಂಡ್ರಾ ಅಂದರೆ ನಾನೇ. ಟೇಬರ್ ಕ್ರೀಕ್ ಹೈಸ್ಕೂಲಿನ ಫುಟ್‌ಬಾಲ್ ಮೈದಾನಕ್ಕೆ ಸುಣ್ಣದ ಗೆರೆ ಹಾಕುತ್ತಿದ್ದವನು. ಸುಣ್ಣದ ಪುಡಿ ತುಂಬಿದ ಗಾಡಿಯನ್ನು ತಳ್ಳಿಕೊಂಡು ನಡೆದರೆ ಹಿಂದೆ ನಾಲ್ಕು ಬೆರಳು ಅಗಲದ ಗೆರೆ ಬೀಳುತ್ತದೆ. ಬೇರೆ ಊರಿನವರು ಗೂಟ ಹೊಡೆದು, ದಾರ ಬಿಗಿದು, ಅದರ ಗುಂಟ ತಳ್ಳುತ್ತಾರೆ. ನನಗೆ ಕಣ್ಣೇ ದಾರ.

ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ನಮ್ಮ ಅಮೆರಿಕನ್ ಫುಟ್‌ಬಾಲಿನಲ್ಲಿ ಗೆರೆಯಷ್ಟು ಕ್ರೂರಿ ಇನ್ನೊಂದಿಲ್ಲ. ಟೆನಿಸ್‌ನಲ್ಲಿ ಚೆಂಡು ಗೆರೆಗೆ ತಾಗಿದರೆ ಒಳಗೆ ಅನ್ನುತ್ತಾರೆ. ನಮ್ಮಲ್ಲಿ ಗೆರೆ ಮುಟ್ಟಿದವ ಹೊರಗೆ. ದೂರದಿಂದ ಎಸೆದ ಚೆಂಡನ್ನು ಹಾರಿ ಹಿಡಿದವನು ಒಂದು ಪಾದವನ್ನಾದರೂ ಬದಿಗೆರೆಯ ಈಚೆಗೆ ಊರಬೇಕು. ಬೂಟಿನ ತುದಿ ಸುಣ್ಣಕ್ಕೆ ಸೋಕಿತೋ, ಅವನು ಹಿಡಿದೇ ಇಲ್ಲ ಅಂತ ಲೆಕ್ಕ. ಈ ಕಾನೂನು ಹಿಡಿಯುವವನ ಕಡೆ ವಾಲಬೇಕೋ ತಡೆಯುವವನ ಕಡೆಯೋ ಎಂದು ವ್ಲಾಸ್ತಾಳ ಹೋಟೆಲಿನಲ್ಲಿ ಪ್ರತಿ ಶನಿವಾರ ಬೆಳಿಗ್ಗೆ ಜಗಳ. ದೇಶದ ಸಂವಿಧಾನಕ್ಕೂ ಇಷ್ಟು ಚರ್ಚೆ ಆಗಿರಲಿಕ್ಕಿಲ್ಲ.

"ಅನುಮಾನ ಬಂದ್ರೆ ಹಿಡಿದೋನ ಕಡೆಗೇ ಕೊಡ್ಬೇಕು," ಎನ್ನುತ್ತಾನೆ ಡೆನ್ನಿ ಹ್ರೂಸ್ಕಾ. ಈಗ ಧಾನ್ಯದ ಉಗ್ರಾಣ ನೋಡಿಕೊಳ್ಳುವ, ಹೊಟ್ಟೆ ಬಂದ ಮನುಷ್ಯ. "ಕತ್ತು ಹಿಂದಕ್ಕೆ ತಿರುಗಿಸ್ಕೊಂಡು, ಮೇಲೆ ಚೆಂಡು ನೋಡ್ತಾ, ಜೀವ ಬಿಟ್ಟು ಓಡ್ತಿರ್ತಾನೆ. ಕಾಲಿಗೂ ಕಣ್ಣಿರುತ್ತಾ?"

"ಮತ್ತೆ ತಡೆಯೋನಿಗೆ ಬೆನ್ನಲ್ಲಿ ಕಣ್ಣಿರುತ್ತಾ?" ವ್ಲಾಸ್ತಾ ಗಸಗಸೆ ಹೂರಣದ ಕೊಲಾಚಿ ಬನ್ನುಗಳ ತಟ್ಟೆಯನ್ನು ಮೇಜಿನ ಮೇಲೆ ಕುಕ್ಕುತ್ತಾಳೆ. "ನಮ್ಮೆಜಮಾನ್ರು ಮೂರು ವರ್ಷ ತಡೆಯೋ ಕಡೆ ಆಡಿದ್ರು ಕಣಪ್ಪ. ನೀನೆಲ್ಲಿಗೆ ಓಡ್ತೀಯ ಅಂತ ನಿಂಗೊತ್ತು, ಎಸೆಯೋನಿಗೆ ಗೊತ್ತು. ಅವ್ರು ಹಿಂದುಹಿಂದಕ್ಕೇ ಓಡ್ಬೇಕು, ಕೈ ಹಾಕಿದ್ರೆ ತಪ್ಪು. ಅವ್ರಿಗೆ ಅಂತ ಇರೋ ನೆಂಟ ಆ ಗೆರೆ ಒಂದೇ. ಅದನ್ನೂ ಕಿತ್ಕೋತೀಯಾ?"

"ಆ ಗೆರೆ ನಂಗೆ ಏನು ಮಾಡ್ತು ಅಂತ ಗೊತ್ತಲ್ಲ."

"ಗೆರೆ ಏನೂ ಮಾಡ್ಲಿಲ್ಲ ಕಣೋ," ಎಂದು ನಾನು ಬಾಯಿ ಹಾಕುತ್ತೇನೆ. "ಗೆರೆ ಬಂದೂಕಿನ ನಳಿಗೆ ಥರ ನೇರವಾಗಿತ್ತು. ನೋಡಿದ ಕಣ್ಣು ಹೇಗಿತ್ತೋ, ಅದು ನಂಗೊತ್ತಿಲ್ಲಪ್ಪ."

ಎಲ್ಲರೂ ನಗುತ್ತಾರೆ. ಮೂವತ್ತೊಂದು ವರ್ಷ ಹೀಗೆ ನಗಿಸಿದ್ದೇನೆ.

ನೋಡಿದ ಕಣ್ಣು ನಾರ್ಬರ್ಟ್ ಸೆಡ್ಲಾಕನದು. ಬಿತ್ತನೆ ಬೀಜ ಮಾರುತ್ತಿದ್ದವನು, ನನ್ನ ಜೊತೆಗೇ ಓದಿದವನು. ರೆಫ್ರಿಯ ಪರವಾನಗಿ ಇದ್ದರೂ ಸ್ವಂತ ಊರಿನ ಪಂದ್ಯಕ್ಕೆ ನಿಲ್ಲುವಂತಿರಲಿಲ್ಲ. ಎಪ್ಪತ್ತೊಂಬತ್ತರ ನವೆಂಬರಿನಲ್ಲಿ, ರಾಜ್ಯದ ಸೆಮಿಫೈನಲಿನ ದಿನ, ಬದಿಗೆರೆ ಕಾಯಬೇಕಿದ್ದ ರೆಫ್ರಿಯ ಕಾರು ಎಲ್ಲೋ ದಾರಿಯ ಹಿಮದಲ್ಲಿ ಹೂತುಹೋಯಿತು. ಎರಡೂ ತಂಡದ ಕೋಚುಗಳು ಕೈಕುಲುಕಿ, ನಾರ್ಬರ್ಟನೇ ನಿಲ್ಲಲಿ, ಅವನಷ್ಟು ಪ್ರಾಮಾಣಿಕ ಇಲ್ಲ ಅಂದರು.

ಕೊನೆಯ ಆರು ಸೆಕೆಂಡು. ನಾವು ನಾಲ್ಕು ಅಂಕ ಹಿಂದೆ. ಚೆಂಡು ಗೋಲು ಪಟ್ಟಿಯ ಮೂಲೆಗೆ ಬಂತು; ಅಲ್ಲಿ ಹಿಡಿದರೆ ಆರು ಅಂಕ, ಗೆಲುವು ನಮ್ಮದು. ಹದಿನೇಳರ ಡೆನ್ನಿ ಹಾರಿದ. ಅವನು ಎಷ್ಟು ಎತ್ತರ ಹಾರಿದನೆಂದರೆ ಕೆಳಗೆ ಬರುವಷ್ಟರಲ್ಲಿ ನಾನು ಒಂದು ಲೋಟ ಕಾಫಿ ಮುಗಿಸಿದ್ದೆ. ಚೆಂಡು ಎದೆಗವಚಿಕೊಂಡು ಇಳಿದ. ನಾರ್ಬರ್ಟ್ ಪಾದ ನೋಡಿದ, ಸೀಟಿ ಊದಿದ, ಎರಡೂ ಕೈ ಹೊರಗಡೆಗೆ ಬೀಸಿದ. ಹೊರಗೆ.

ಆಮೇಲೆ ಅವನ ಅಂಚೆಪೆಟ್ಟಿಗೆಯೊಳಗೆ ಯಾರೋ ಹಳೆಯ ಕನ್ನಡಕಗಳನ್ನು ಹಾಕತೊಡಗಿದರು. ಸಾವಿರಾರು ಕನ್ನಡಕ. ಹೋಗಲಿ, ಹನ್ನೊಂದು. ಬೀಜ ಕೊಳ್ಳುವವರು ಪಕ್ಕದ ಊರಿಗೆ ಹೋದರು. ಚರ್ಚಿನಲ್ಲಿ ಅವನ ಬೆಂಚಿನಲ್ಲಿ ಅವನ ಮನೆಯವರಷ್ಟೇ. ಕುರುಡ ಎಂದವರು ಕೆಲವರು. ಅದಕ್ಕಿಂತ ಕೆಟ್ಟದ್ದನ್ನು ಹೇಳಿದವರೂ ಇದ್ದರು: ತಾನು ಪಕ್ಷಪಾತಿಯಲ್ಲ ಎಂದು ತೋರಿಸಿಕೊಳ್ಳಲಿಕ್ಕೆ ಸ್ವಂತ ಊರಿನ ಹುಡುಗನ ಕಾಲನ್ನು ಬಲಿಕೊಟ್ಟ, ಅಂತ. ಅವನು ಮತ್ತೆ ಸೀಟಿ ಮುಟ್ಟಲಿಲ್ಲ.

ಕಳೆದ ತಿಂಗಳು ಅವನ ಮಗಳು ಆರ್ಲೀನ್ ಫೋನ್ ಮಾಡಿದಳು. "ರೂಡಿ ಅಂಕಲ್, ಅಪ್ಪನ ಹೃದಯ ಸೋತಿದೆ, ಡಾಕ್ಟ್ರು ಇನ್ನೊಂದು ವಾರ ಅಷ್ಟೇ ಅಂತಿದ್ದಾರೆ. ನಿಮ್ಮನ್ನ ಕೇಳ್ತಿದ್ದಾರೆ."

ನಾರ್ಬರ್ಟ್ ವೃದ್ಧರ ಆಸ್ಪತ್ರೆಯ ಕಿಟಕಿಯ ಪಕ್ಕ ಮಲಗಿದ್ದ. ಆ ದೊಡ್ಡ ಹೆಗಲನ್ನು ಹಾಸಿಗೆಯಲ್ಲಿ ಹುಡುಕಬೇಕಾಗಿತ್ತು. ಕಣ್ಣಿಗೆ ಮಂಜು ಕವಿದು ವರ್ಷಗಳಾಗಿದ್ದವು.

"ಬಂದ್ಯಾ ಸುಳ್ಳ," ಅಂದ.

"ಓಡ್ಕೊಂಡೇ ಬಂದೆ ಕಣೋ. ದಾರೀಲಿ ಎರಡು ಲಾರಿ ಹಿಂದಕ್ಕೆ ಹಾಕಿದೆ."

ತುಟಿಯಲ್ಲಿ ನಗೆ ಬಂದು ಹೋಯಿತು. ಮುಖ ಮತ್ತೆ ಗಟ್ಟಿಯಾಯಿತು. "ಅವತ್ತು ಆ ಮೂಲೆಗೆ ಹತ್ತಿರ ಇದ್ದೋನು ನೀನೊಬ್ನೇ. ಒಂದೇ ಒಂದು ಕೇಳ್ಬೇಕು. ಅನುಮಾನ ಬಂದ್ರೆ ಹಿಡಿದಿಲ್ಲ ಅನ್ನಿ, ಅಂತ ನಮಗೆ ಕಲಿಸಿದ್ರು. ಕಾನೂನು ತಡೆಯೋನ ಕಡೆ. ಸರಿಯೋ ತಪ್ಪೋ, ಹಾಗೆ. ಆದ್ರೆ ನಂಗೆ ಅನುಮಾನ ಇತ್ತಾ ರೂಡಿ? ಕಾಲು ಸುಣ್ಣದ ಮೇಲೆ ಬಿದ್ದದ್ದು ಕಂಡಿತು ಅಂತಲೇ ಊದಿದೆ. ಜನ ಅಂದಂದು ಅಂದಂದು ಈಗ ನಂಗೇ ಗೊತ್ತಾಗ್ತಿಲ್ಲ. ಕಂಡಿತಾ, ಇಲ್ಲ ನಮ್ಮೂರಿಗೆ ಕೊಟ್ರೆ ಏನಂತಾರೋ ಅಂತ ಹೆದರಿ ಊದಿದ್ನಾ?"

"ನನ್ನ ಗೆರೆ ಬಂದೂಕಿನ ನಳಿಗೆ ಥರ..." ಎಂದು ಶುರುಮಾಡಿದೆ. ಬಾಯಿಗೆ ಅದೇ ಅಭ್ಯಾಸ.

"ಗೆರೆ ಬಿಡು. ಕಾಲು ಹೇಳು."

ನಾನು ಹೇಳುವ ಮೊದಲೇ ಆರ್ಲೀನ್ ಚೀಲದಿಂದ ಒಂದು ಲಕೋಟೆ ತೆಗೆದಳು. ನಮ್ಮ ಶಾಲೆಯನ್ನು ಪಕ್ಕದೂರಿನ ಶಾಲೆಗೆ ಸೇರಿಸಿದಾಗ ಹಳೆಯ ಫೋಟೋಗಳ ಪೆಟ್ಟಿಗೆಗಳನ್ನು ಬೇಕಾದವರಿಗೆ ಕೊಟ್ಟುಬಿಟ್ಟಿದ್ದರು. ಅದರಲ್ಲಿ ಒಂದು ಇವಳಿಗೆ ಸಿಕ್ಕಿತ್ತು: ಯಾವನೋ ವಿದ್ಯಾರ್ಥಿ ಗ್ಯಾಲರಿಯ ತುದಿಯಿಂದ ತೆಗೆದದ್ದು, ಯಾವ ಪತ್ರಿಕೆಯಲ್ಲೂ ಬರದೇ ಇದ್ದದ್ದು.

"ಕಾಲು ಗೆರೆ ಮೇಲೇ ಇದೆ ಅಪ್ಪ," ಎಂದಳು. "ಸ್ಪಷ್ಟವಾಗಿದೆ. ಅರ್ಧ ಬೂಟು ಸುಣ್ಣದಲ್ಲಿದೆ. ಅಂಕಲ್, ನೀವೂ ನೋಡಿ ಹೇಳಿ, ನಾನು ಮಗಳು ಅಂತ ಹೇಳ್ತಿದೀನಿ ಅಂತಾರೆ."

ನೋಡಿದೆ. ಡೆನ್ನಿಯ ಬೂಟು ಬಿಳಿಯ ಮೇಲಿತ್ತು. "ಹೌದು ಕಣೋ," ಅಂದೆ. "ಸುಣ್ಣದ ಮೇಲಿದೆ. ನಿನ್ನ ಕಣ್ಣು ಸರಿಯಾಗಿತ್ತು."

ನಾರ್ಬರ್ಟ್ ದೀರ್ಘವಾಗಿ ಉಸಿರು ಬಿಟ್ಟ. ನಾನು ಫೋಟೋವನ್ನು ಲಕೋಟೆಗೆ ಸೇರಿಸಲು ಹೊರಟೆ, ಸ್ವಲ್ಪ ಬೇಗನೇ ಹೊರಟೆ. ಆರ್ಲೀನ್ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಜ್ಯಾಮಿತಿ ಕಲಿಸಿದವಳು. ಕೈ ತಡೆದಳು.

"ಒಂದ್ನಿಮಿಷ, ಅಂಕಲ್." ಅಪ್ಪನ ನೀರಿನ ಲೋಟದಿಂದ ಸ್ಟ್ರಾ ತೆಗೆದು ಒರೆಸಿ, ಫೋಟೋದ ಗೆರೆಯ ಗುಂಟ ಇಟ್ಟಳು. ಈ ತುದಿಯಲ್ಲಿ ಗೆರೆ ಸ್ಟ್ರಾದ ಅಡಿಯಲ್ಲಿತ್ತು, ಆ ತುದಿಯಲ್ಲೂ ಅಡಿಯಲ್ಲೇ ಇತ್ತು. ನಡುವೆ ಡೆನ್ನಿಯ ಕಾಲಿದ್ದ ಕಡೆ ಮಾತ್ರ ಕಪ್ಪೆ ನುಂಗಿದ ಹಾವಿನಂತೆ ಮೈದಾನದ ಒಳಕ್ಕೆ ಉಬ್ಬಿತ್ತು. "ಇದೇನಿದು, ಗೆರೆ ಇಲ್ಲಿ ಒಳಕ್ಕೆ ಉಬ್ಬಿದೆ?"

"ಕ್ಯಾಮೆರಾದ ಗಾಜು ಸೊಟ್ಟ ಇರ್ಬೇಕು ಕಣಮ್ಮ. ಆಗಿನ ಕಾಲದ..."

"ಗಾಜು ಸೊಟ್ಟ ಇದ್ರೆ ಹಿಂದಿನ ಬೇಲೀನೂ ಸೊಟ್ಟ ಕಾಣ್ಬೇಕು. ಅದು ನೇರವಾಗಿದೆ."

ನಾರ್ಬರ್ಟನ ಮಂಜುಗಣ್ಣು ನನ್ನತ್ತ ತಿರುಗಿತ್ತು. ನಾನು ಇದ್ದ ಕಡೆಗಲ್ಲ, ಸ್ವಲ್ಪ ಪಕ್ಕಕ್ಕೆ.

"ಎಷ್ಟು ಉಬ್ಬಿದೆ, ರೂಡಿ?"

ನಾನು ಲಕೋಟೆಯನ್ನು ಹಾಸಿಗೆಯ ಮೇಲಿಟ್ಟೆ.

"ಒಂದಡಿ ಇರ್ಬಹುದು. ಅವತ್ತು ಬೆಳಿಗ್ಗೆ ಹಿಮ ಕರಗಿ ಆ ಮೂಲೇಲಿ ನೀರು ನಿಂತಿತ್ತು. ಒರೆಸಿ, ಮಣ್ಣು ಹಾಕಿ, ದಾರ ಕಟ್ಟಿ ಎಳೀಬೇಕಿತ್ತು. ನನ್ನ ಬೂಟು ಹೊಸದಿತ್ತು ಕಣೋ. ನೀರಿಗಿಳೀದೆ ಗಾಡೀನ ಒಳಗಡೆಯಿಂದ ಸುತ್ತಿಸ್ಕೊಂಡು ಹೋದೆ. ಯಾರಿಗೆ ಗೊತ್ತಾಗುತ್ತೆ ಅಂದ್ಕೊಂಡೆ."

"ಆಟ ಮುಗಿದ ಮೇಲೆ?"

"ಗೊತ್ತಾಯ್ತು. ನೀನು ಕೈ ಬೀಸಿದ ತಕ್ಷಣ ಗೊತ್ತಾಯ್ತು. ಮಾರನೇ ದಿನ ಶನಿವಾರ, ಬೆಳಿಗ್ಗೆ ಯಾರೂ ಏಳೋ ಮೊದ್ಲು ಪೊರಕೆ ತಗೊಂಡು ಹೋಗಿ ಆ ಉಬ್ಬು ಅಳಿಸಿದೆ. ಅಷ್ಟರಲ್ಲಿ ನೀರು ಇಂಗಿತ್ತು, ದಾರ ಕಟ್ಟಿ ನೇರವಾಗಿ ಎಳೆದೆ. ಮಧ್ಯಾಹ್ನ ಜನ ಬಂದು ಗೆರೆ ನೋಡಿದ್ರು, ಕೆಸರಲ್ಲಿ ಡೆನ್ನಿ ಕಾಲಿನ ಗುರುತು ನೋಡಿದ್ರು, ಮಧ್ಯೆ ಅಷ್ಟು ಜಾಗ ನೋಡಿದ್ರು. ನಿನ್ನನ್ನ ಬೈದ್ರು. ನಾನು ಅಲ್ಲೇ ನಿಂತಿದ್ದೆ."

ಹೊರಗೆ ಯಾರದೋ ಗಾಲಿಕುರ್ಚಿ ಕಿರ್ರೆನ್ನುತ್ತ ಹೋಯಿತು. ಆರ್ಲೀನ್ ಮುಖ ಆಚೆ ತಿರುಗಿಸಿದ್ದಳು. ನಾರ್ಬರ್ಟ್ ಬೈಯಲಿ ಎಂದು ಕಾದೆ. ಅವನು ತನ್ನ ಎದೆಯ ಮೇಲೆ ಕೈಯಿಟ್ಟುಕೊಂಡ.

"ಹಾಗಾದ್ರೆ ನಾನು ಹೆದರಿ ಊದಿದ್ದಲ್ಲ," ಅಂದ.

"ಅಲ್ಲ."

"ಮತ್ತೆ ಆ ಹುಡುಗ ಹಿಡಿದಿದ್ದ."

"ಹಿಡಿದಿದ್ದ."

"ಆರ್ಲೀನ್, ಡೆನ್ನಿಗೆ ಫೋನ್ ಹಚ್ಚು. ಇವನ ಕೈಗೆ ಕೊಡು."

ಅವಳು ಹಚ್ಚಿ ಕೊಟ್ಟಳು. ಆ ಕಡೆಯಿಂದ ಧಾನ್ಯ ಸುರಿಯುವ ಯಂತ್ರದ ಗದ್ದಲ, ಅದರ ಮೇಲೆ ಡೆನ್ನಿಯ ದನಿ: "ಹೇಳಪ್ಪ ರೂಡಿ, ಇವತ್ತೇನು ಹೊಸ ಬಡಾಯಿ?"

"ಬಡಾಯಿ ಅಲ್ಲ ಕಣೋ," ಅಂದೆ. "ಆ ಯಂತ್ರ ನಿಲ್ಸು. ನೀನು ಒಳಗೇ ಇದ್ದೆ. ನಾರ್ಬರ್ಟ್ ನೋಡಿದ್ದೂ ಸರಿ. ಗೆರೆ ಸೊಟ್ಟಗಿತ್ತು. ಎಳೆದೋನು ನಾನು."