ಮೂರೂವರೆ ತೊಲ ಉಪ್ಪು

ಶಾಲೆಯ ಬಾವಿಯಿಂದ ಸೇದಿದ ನೀರನ್ನು ರಾಜೀಮತಿ ನಾಲ್ಕು ಮಡಿಕೆಯ ಬಟ್ಟೆಯಲ್ಲಿ ಸೋಸಿದಳು. ಆಮೇಲೆ ಬಟ್ಟೆಯನ್ನು ಮಗುಚಿ ತೊಳೆದು, ಆ ನೀರನ್ನು ಪುಟ್ಟ ಬಿಂದಿಗೆಯಲ್ಲಿ ಮೆಲ್ಲಗೆ ಬಾವಿಗೆ ಇಳಿಸಿದಳು. ಬಟ್ಟೆಗೆ ಅಂಟಿದ, ಕಣ್ಣಿಗೆ ಕಾಣದ ಜೀವಗಳು ಒಣಗಿ ಸಾಯಬಾರದು. ಜೈನರ ಈ ಕಟ್ಟಳೆಯಲ್ಲಿ ಅವಳಣ್ಣ ಪದ್ಮಪ್ರಸಾದರು ಬಹಳ ಕಟ್ಟುನಿಟ್ಟು. ಸೋಸದ ನೀರು ಅವರ ಬಾಯಿಗೆ ಬಿದ್ದದ್ದೇ ಇಲ್ಲ.

ದಂಡಿಗನಹಳ್ಳಿಯಿಂದ ಎರಡು ಮೈಲಿ ಆಚೆಯ ಶಾಲೆಗೆ ಅವರೇ ಮೇಷ್ಟ್ರು. ಗಂಡ ಸತ್ತು ತವರಿಗೆ ಬಂದ ತಂಗಿಗೆ ಮಕ್ಕಳಿಗೆ ನೀರು ಹಾಕುವ ಕೆಲಸ. ಮೂರನೇ ಕ್ಲಾಸಿಗೇ ಓದು ನಿಂತಿದ್ದ ರಾಜೀಮತಿಗೆ ಬಾಗಿಲ ಪಕ್ಕ ಕೊಡದ ಹತ್ತಿರ ಕೂತು ಪಾಠ ಕೇಳುವುದೇ ದಿನದ ಸುಖ.

ಅಂದು ಸಮುದ್ರದ ಪಾಠ. ಊರಿನಲ್ಲಿ ಸಮುದ್ರ ಕಂಡವರಿರಲಿಲ್ಲ. ಮೇಷ್ಟ್ರೂ ಕಂಡಿರಲಿಲ್ಲ. ಅವರು ಮೂರೂವರೆ ತೊಲ ಅರಳುಪ್ಪು ತೂಗಿ, ತೊಂಬತ್ತಾರೂವರೆ ತೊಲ ನೀರಿಗೆ ಹಾಕಿ ಕದಡಿದರು.

"ಇದೇ ನೋಡಿ ಸಮುದ್ರ."

"ಸಾ, ಸೋಸ್ಬುಟ್ರೆ ಉಪ್ಪು ಓಗಲ್ವಾ?" ಎಂದ ಊರ ಮುಖಂಡ ಪಂಚಾಕ್ಷರಯ್ಯನವರ ಮಗ ಪಾಲಾಕ್ಷ.

ಮೇಷ್ಟ್ರು ಸೋಸಿಯೇ ತೋರಿಸಿದರು. ಬಟ್ಟೆಯ ಮೇಲೆ ಏನೂ ನಿಲ್ಲಲಿಲ್ಲ. "ಕರಗಿದ್ದನ್ನ ಬಟ್ಟೆ ಹಿಡಿಯಲ್ಲ ಕಣೋ. ಹೊಳೆಗಳು ಕಲ್ಲುಮಣ್ಣಿನ ಉಪ್ಪನ್ನ ಕರಗಿಸಿ ಸಮುದ್ರಕ್ಕೆ ಒಯ್ಯುತ್ವೆ. ಬಿಸಿಲಿಗೆ ನೀರು ಆವಿಯಾಗುತ್ತೆ, ಉಪ್ಪು ಅಲ್ಲೇ ಉಳಿಯುತ್ತೆ."

"ಉಪ್ಪು ಐತೋ ಇಲ್ವೋ, ಕುಡುದು ನೋಡೋರ್ಯಾರು ಸಾ?" ಎಂದ ಪಾಲಾಕ್ಷ.

ಮಕ್ಕಳೆಲ್ಲ ಹಿಂದೆ ಸರಿದರು. ಒಬ್ಬರ ಎಂಜಲು ಇನ್ನೊಬ್ಬರು ಮುಟ್ಟುವಂತಿಲ್ಲ. ಮೇಷ್ಟ್ರ ಕಣ್ಣು ಬಾಗಿಲಾಚೆ ಹೋಯಿತು. ಅಲ್ಲಿ ಕಲ್ಲುಚಪ್ಪಡಿಯ ಮೇಲೆ ಹೊಲಗೇರಿಯ ಬೈರಯ್ಯನ ಮಗಳು ದ್ಯಾವಿ ಕೂತಿದ್ದಳು. ಸರ್ಕಾರದ ಆರ್ಡರಿನಿಂದ ಶಾಲೆ ಸೇರಿದ್ದಳು. ಹೊಸಿಲು ಮಾತ್ರ ದಾಟಿದವಳಲ್ಲ.

"ನಿನ್ನ ಕರಟ ಹಿಡಿಯೇ." ಮೇಷ್ಟ್ರು ಎತ್ತರದಿಂದ ಸುರಿದರು. "ಪೂರ್ತಿ ಕುಡಿ. ಇನ್ನೊಂದು."

ಎರಡನೆಯದು ಮುಗಿಯುವಾಗ ಹುಡುಗಿಯ ಕಣ್ಣಲ್ಲಿ ನೀರು ಬಂತು. "ಲೇ, ಸಮುದ್ರನೇ ಕುಡುದ್ಬುಟ್ಲು ಕಣ್ಲಾ!" ಎಂದು ಹುಡುಗರು ತೊಡೆ ತಟ್ಟಿ ನಕ್ಕರು.

"ಈ ಉಪ್ಪನ್ನ ಹೊರಗೆ ಹಾಕೋಕೆ ಮೈ ತನ್ನೊಳಗಿನ ನೀರನ್ನೇ ಖರ್ಚು ಮಾಡುತ್ತೆ. ಅದಕ್ಕೇ ಹಡಗು ಒಡೆದೋರು ಸುತ್ತ ನೀರಿದ್ರೂ ದಾಹದಿಂದ ಸಾಯ್ತಾರೆ. ಗಂಟೆ ಹೊಡೆಯೋವರೆಗೂ ಇವಳಿಗೆ ನೀರು ಕೊಡಬೇಡಿ, ನೋಡೋಣ."

ಸ್ವಲ್ಪ ಹೊತ್ತಿಗೆ ದ್ಯಾವಿ ಹೊಸಿಲ ಹತ್ತಿರ ಬಂದು ಬೊಗಸೆಯೊಡ್ಡಿದಳು. "ಅಮ್ಮಾರೇ, ಒಂದ್ ಗುಟುಕು."

ರಾಜೀಮತಿಯ ಕೈಯಲ್ಲಿ ತುಂಬಿದ ಚೊಂಬಿತ್ತು. ಅಣ್ಣನ ಕಡೆ ನೋಡಿದಳು. ಅವರು ಬೇಡವೆಂದು ತಲೆಯಾಡಿಸಿದರು. ಅವಳು ಚೊಂಬಿನ ನೀರನ್ನು ತಿರುಗಿ ಕೊಡಕ್ಕೆ ಹೊಯ್ದಳು.

ದ್ಯಾವಿ ದನದ ತೊಟ್ಟಿಗೆ ಹೋಗಿ ಮಂಡಿಯೂರಿ ಬಾಯಿ ಹಚ್ಚಿದಳು. ಕಿಟಕಿಗೆ ಮುಗಿಬಿದ್ದ ಹುಡುಗರು "ಅಂಬಾ, ಅಂಬಾ" ಎಂದು ಕೂಗಿದರು. ಕುಡಿದದ್ದೆಲ್ಲ ವಾಂತಿಯಾಯಿತು. ಮೇಷ್ಟ್ರು ಅದನ್ನು ಅವಳಿಂದಲೇ ಬಳಿಸಿದರು.

ಸಂಜೆ, ಹೊತ್ತು ಮುಳುಗುವ ಮುಂಚಿನ ಊಟಕ್ಕೆ ಬಡಿಸುತ್ತ ರಾಜೀಮತಿ ತಲೆಯೆತ್ತದೆ ಹೇಳಿದಳು. "ಆ ಮಗೂಗೆ ನೀರು ಕೊಡ್ಬೇಕಿತ್ತು ಅಣ್ಣಯ್ಯ."

"ಎರಡು ಕರಟ ಉಪ್ಪುನೀರಿಗೆ ಯಾರೂ ಸಾಯಲ್ಲ. ಹಿಂದಿನ ಮೇಷ್ಟ್ರು ಅವಳನ್ನ ಅಂಗಳಕ್ಕೇ ಬಿಡ್ತಿರಲಿಲ್ಲ. ಬಾಗಿಲಲ್ಲಾದ್ರೂ ಕೂರಿಸಿರೋನು ನಾನು. ಕೊಡದ ಹತ್ರ ಬಿಟ್ಟರೆ ಪಂಚಾಕ್ಷರಯ್ಯ ನಾಳೇನೇ ಮಕ್ಕಳನ್ನ ಬಿಡಿಸ್ತಾರೆ. ಶಾಲೆ ಮುಚ್ಚಿದರೆ ನಿನಗೆ ಅನ್ನ ಎಲ್ಲಿಂದ?"

ಅವರ ಮಾತು ಸುಳ್ಳಾಗಿರಲಿಲ್ಲ. ಅವಳು ತಟ್ಟೆಗೆ ಅನ್ನ ಬಡಿಸಿದಳು.

"ನಾಡಿದ್ದು ಇನ್ಸ್‌ಪೆಕ್ಟರು ಬರ್ತಾರೆ. ಇದೇ ಪಾಠ ಮಾಡಿ ತೋರಿಸ್ತೀನಿ. ದ್ಯಾವೀನ ತಪ್ಪದೆ ಕಳಿಸು ಅಂತ ಬೈರಯ್ಯಂಗೆ ಹೇಳಿದೀನಿ."

ಮೂರನೆಯ ದಿನ ದ್ಯಾವಿ ಬಂದಳು. ತುಟಿ ಒಡೆದಿತ್ತು. ಇನ್ಸ್‌ಪೆಕ್ಟರು ಕುರ್ಚಿಯಲ್ಲಿ ಕೂತು ತಲೆದೂಗುತ್ತಿದ್ದರು. ಉಪ್ಪು ಕರಗಿತು, ಸೋಸಿದ್ದಾಯಿತು.

"ಕರಟ ಹಿಡಿಯೇ," ಎಂದರು ಮೇಷ್ಟ್ರು.

ರಾಜೀಮತಿ ಎದ್ದಳು. ಅಷ್ಟು ಜನರ ಮುಂದೆ ಅವಳು ಎಂದೂ ನಿಂತವಳಲ್ಲ. ಹೊಸಿಲಾಚೆ ಹೋಗಿ ದ್ಯಾವಿಯ ಕೈಯಿಂದ ಕರಟ ತೆಗೆದುಕೊಂಡಳು.

"ಮೊನ್ನೆ ಅವಳು ಕುಡಿದಾಯ್ತು ಅಣ್ಣಯ್ಯ. ಇವತ್ತು ನಾನು."

ಮೇಷ್ಟ್ರ ಮುಖ ಬಿಳಿಚಿತು. ಇನ್ಸ್‌ಪೆಕ್ಟರು ಇದೂ ಪಾಠವೆಂದುಕೊಂಡು "ಆಗಲಿ" ಎಂದರು. ಅವಳು ಅದೇ ಕರಟದಲ್ಲಿ ಎರಡು ಸಲ ಕುಡಿದಳು.

"ಏನನ್ನಿಸುತ್ತಮ್ಮ?" ಎಂದರು ಇನ್ಸ್‌ಪೆಕ್ಟರು.

"ನೀರು ಬೇಕು ಸ್ವಾಮಿ."

ಅವಳು ಕೊಡವನ್ನು ಎತ್ತಿ ತಂದು ದ್ಯಾವಿಯ ಮುಂದಿಟ್ಟು, ಬಗ್ಗಿ ಬೊಗಸೆಯೊಡ್ಡಿದಳು. "ಹಾಕು ದ್ಯಾವಿ."

"ಬ್ಯಾಡಿ ಅಮ್ಮಾರೇ, ಒಡೀತಾರೆ."

"ಗಂಟಲು ಒಣಗ್ತಿದೆ ಕಣೇ. ಹಾಕು."

ಹುಡುಗಿ ಹಾಕಿದಳು. ಅರ್ಧ ನೆಲಕ್ಕೆ ಚೆಲ್ಲಿತು. ಇನ್ಸ್‌ಪೆಕ್ಟರ ಎದುರು ಯಾರೂ ಉಸಿರೆತ್ತಲಿಲ್ಲ.

ಆ ಸಂಜೆ ಅಣ್ಣ ಅವಳ ತಟ್ಟೆಯನ್ನು ಜಗಲಿಯ ಮೇಲೆ ಕುಕ್ಕಿದರು. "ಒಳಗೆ ಕಾಲಿಡಬೇಡ." ಮಾರನೆಯ ದಿನ ಪಾಲಾಕ್ಷ ಬರಲಿಲ್ಲ. ಅವನ ಕೇರಿಯ ಎಂಟು ಮಕ್ಕಳೂ ಬರಲಿಲ್ಲ. ಬಂದ ಐವರು ನೀರು ಮುಟ್ಟಲಿಲ್ಲ. ರಾಜೀಮತಿ ಎಂದಿನ ಹೊತ್ತಿಗೇ ಬಂದು, ಸೇದಿ, ಸೋಸಿ, ಕೊಡ ತುಂಬಿಟ್ಟಿದ್ದಳು. ಪಕ್ಕದಲ್ಲಿ ದ್ಯಾವಿ ಸ್ಲೇಟು ಹಿಡಿದು ಕೂತಿದ್ದಳು.

ಮಧ್ಯಾಹ್ನದವರೆಗೆ ಖಾಲಿ ಮಣೆಗಳ ನಡುವೆ ಪಾಠ ಹೇಳಿ ಮೇಷ್ಟ್ರ ಗಂಟಲು ಕಟ್ಟಿತು. ಬಾವಿಯ ಕಡೆ ನಾಲ್ಕು ಹೆಜ್ಜೆ ಹೋದರು. ಸೋಸುವ ಬಟ್ಟೆ ತಂಗಿಯ ಮಡಿಲಲ್ಲಿತ್ತು. ಅವರು ಹಿಂದಿರುಗಿ ಬಂದು, ಅವಳ ಮುಂದೆ ಬಗ್ಗಿ ಬೊಗಸೆಯೊಡ್ಡಿದರು.

ರಾಜೀಮತಿ ಕದಲಲಿಲ್ಲ.

"ರಾಜೀ," ಎಂದರು.

ದ್ಯಾವಿ ಸ್ಲೇಟು ಕೆಳಗಿಟ್ಟು ಚೊಂಬು ಎತ್ತಿದಳು. ಮೇಷ್ಟ್ರ ಬೊಗಸೆ ಹಿಂದಕ್ಕೆ ಹೋಗಲಿಲ್ಲ.