ಇದು ಯಾರ ಹೊಲದ ರಾಗಿ?

ಮಗು ರಾಗಿ ಸರಿ ತಿನ್ನಲು ಒಲ್ಲೆ ಎಂದು ಮುಖ ತಿರುಗಿಸುವುದು ಯಾವ ಮನೆಯಲ್ಲಿಲ್ಲ? ವಿಜಯವಾಡದ ಬೆಂಜ್ ಸರ್ಕಲ್ ಹತ್ತಿರದ ಸಾಹಿತ್ಯಳ ಮನೆಯಲ್ಲೂ ಹಾಗೇ ಆಯಿತು. ಮೊದಲು ಹಟ ಇರಬೇಕು ಎಂದುಕೊಂಡಳು. ಆಮೇಲೆ ಚಮಚವನ್ನು ತಾನೇ ಬಾಯಿಗಿಟ್ಟು ನೋಡಿದಳು. ರಾಗಿ ಸರಿಯಲ್ಲಿ ಮುಗ್ಗಲು ವಾಸನೆ ಇತ್ತು. ಹಿಟ್ಟಿನ ಪ್ಯಾಕೆಟ್ಟಿನ ಬಾಯಿ ಮಡಚಿ, ಕೊಂಡ ಅಂಗಡಿಗೇ ತೆಗೆದುಕೊಂಡು ಹೋದಳು.

ಅದು ಗವರ್ನರ್‌ಪೇಟೆಯ ರಾಮ್‌ಪ್ರಸಾದ್ ಅವರ ಅಂಗಡಿ. ಆ ಮೊಳಕೆ ರಾಗಿ ಹಿಟ್ಟು ಅವರಿಗೆ ಬರುತ್ತಿದ್ದುದು ವಿಶಾಖಪಟ್ಟಣದ ಅಂಚಿನ ಪೆಂಡುರ್ತಿಯಿಂದ, ಅಲ್ಲಿನ ಒಂದು ಮಹಿಳಾ ಸ್ವಸಹಾಯ ಸಂಘದಿಂದ. ಅವರು ಕೂಡಲೇ ಸಂಘಕ್ಕೆ ಫೋನು ಮಾಡಿದರು.

ಫೋನು ಎತ್ತಿದವರು ಸಂಘದ ಹಿರಿಯರಾದ ಸೂರ್ಯಕಾಂತಮ್ಮ. ಬಳ್ಳಾರಿಯ ಮಗಳು, ಪೆಂಡುರ್ತಿಯ ತೆಲುಗು ಮನೆಗೆ ಸೊಸೆಯಾಗಿ ಬಂದವರು. ಸಂಘದ ಕೆಲಸ ನಡೆಯುತ್ತಿದ್ದುದು ಅವರ ಮನೆಯಲ್ಲೇ. ಅವರ ಕೈರುಚಿ ಎಂದರೆ ಓಣಿಗೆಲ್ಲ ಪ್ರೀತಿ. ಫೋನು ಇಟ್ಟಾಗ ಅವರ ಮುಖ ಬಾಡಿತ್ತು.

"ಏನಂತೆ ಪಿನ್ನಿ?" ಎಂದಳು ಪಕ್ಕದಲ್ಲಿದ್ದ ಸುಲೋಚನಾ. ಅವಳು ಹಾಸನದವಳು, ಗಂಡನಿಗೆ ಬ್ಯಾಂಕಿನಲ್ಲಿ ವರ್ಗವಾಗಿ ಈ ಊರಿಗೆ ಬಂದವಳು. ಓಣಿಯ ತೆಲುಗು ಹೆಂಗಸರು ಕರೆಯುವಂತೆ ಅವಳೂ ಸೂರ್ಯಕಾಂತಮ್ಮನನ್ನು ಪಿನ್ನಿ, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತಿದ್ದಳು.

"ಹಿಟ್ಟು ವಾಸನಿ ಬರ್ತೈತಂತೆ. ನಿಮ್ಮ ಸರಕೆಲ್ಲ ಅಂಗಡಿಯಿಂದ ತೆಗೀಲೇನು ಅಂತ ಕೇಳ್ತಾನ."

ರಾಗಿ ಹುರಿಯುತ್ತಿದ್ದ ಸಂಘದ ಹೆಂಗಸರ ಕೈ ನಿಂತಿತು. ಆ ಅಂಗಡಿಯೊಂದು ಕೈಬಿಟ್ಟರೆ ಸಂಘದ ಕೆಲಸವೇ ನಿಂತ ಹಾಗೆ. ಅದಕ್ಕಿಂತ ಹೆಚ್ಚಾಗಿ, ಅದು ಎಳೆ ಮಕ್ಕಳು ತಿನ್ನುವ ಹಿಟ್ಟು.

"ಒಂದ್ ಪ್ಯಾಕೆಟ್ಟಿಗೆ ಇಷ್ಟು ರಾದ್ಧಾಂತ ಬ್ಯಾಡ," ಎಂದರು ಸೂರ್ಯಕಾಂತಮ್ಮ. "ಆಯಮ್ಮಗೆ ಬೇರೆ ಪ್ಯಾಕೆಟ್ ಕೊಡಾಕ ಹೇಳೋಣು. ನಾವೇ ಡಂಗೂರ ಹೊಡೆದ್ರೆ ಹೆಸರು ಹೋಗ್ತದಮ್ಮಾ."

"ಹೋಗ್ಲಿ, ಪ್ಯಾಕೆಟ್ ಮೇಲಿರೋ ಬ್ಯಾಚ್ ನಂಬರ್ ಏನು ಅಂತ ಕೇಳೋಣ ಪಿನ್ನಿ. ಅದು ಯಾರ ಹೊಲದ ರಾಗಿ ಅಂತ ಗೊತ್ತಾಗುತ್ತೆ."

ಈ ನಂಬರಿನ ವಿಷಯಕ್ಕೆ ಇಬ್ಬರಿಗೂ ಹಿಂದೆಯೇ ಜಟಾಪಟಿ ನಡೆದಿತ್ತು. ಸಂಘ ರಾಗಿ ಕೊಳ್ಳುತ್ತಿದ್ದುದು ಪಾಡೇರು ಕಡೆಯ ಗುಡ್ಡದ ರೈತರಿಂದ. ಪ್ರತಿ ಚೀಲಕ್ಕೂ ಬೆಳೆದವರ ಹೆಸರು, ಊರು, ಕೊಯ್ಲಿನ ತಿಂಗಳು ಬರೆದ ಚೀಟಿ ಕಟ್ಟಬೇಕು, ಒಂದು ಚೀಲದ ರಾಗಿಯನ್ನು ಇನ್ನೊಂದಕ್ಕೆ ಬೆರೆಸಬಾರದು, ಯಾವ ಚೀಲದ ಹಿಟ್ಟು ಯಾವುದು ಎಂದು ಪ್ಯಾಕೆಟ್ಟಿನ ಮೇಲೆ ನಂಬರು ಇರಬೇಕು ಎಂದು ಸುಲೋಚನಾ ಪಟ್ಟು ಹಿಡಿದಿದ್ದಳು. "ರಾಗಿ ಅಂದ್ರೆ ರಾಗಿ. ಅದಕ್ಕೊಂದು ಜಾತಕ ಯಾಕಮ್ಮಾ?" ಎಂದು ಸೂರ್ಯಕಾಂತಮ್ಮ ನಕ್ಕಿದ್ದರು. ಆದರೂ ಬೇಡ ಎಂದಿರಲಿಲ್ಲ.

ಈಗ ಅಂಗಡಿಯಿಂದ ನಂಬರು ಬಂತು. ಅದು ಕಾಮೇಶ್ವರ ಎಂಬ ರೈತನ ರಾಗಿ.

"ನೋಡಿದೇನಮ್ಮಾ?" ಎಂದರು ಸೂರ್ಯಕಾಂತಮ್ಮ. "ಹಳೇ ರಾಗಿ ಬೆರೆಸ್ಯಾನ. ಇನ್ನ ಮೇಲೆ ಅವನ ಹತ್ರ ಕೊಳ್ಳೋದು ಬ್ಯಾಡ."

ವಿಷಯ ತಿಳಿದ ಕಾಮೇಶ್ವರ ಫೋನಿನಲ್ಲಿ ಹೆಚ್ಚು ಮಾತಾಡಲಿಲ್ಲ. ಮಾರನೆಯ ದಿನ ಗುಡ್ಡದಿಂದ ಇಳಿಯುವ ಮೊದಲ ಬಸ್ಸಿಗೇ ಹತ್ತಿ ಪೆಂಡುರ್ತಿಗೆ ಬಂದ. ಮನೆಯಲ್ಲಿ ಉಳಿಸಿಕೊಂಡಿದ್ದ ಅದೇ ಕೊಯ್ಲಿನ ರಾಗಿಯನ್ನು ಟವೆಲ್ಲಿನಲ್ಲಿ ಕಟ್ಟಿ ತಂದಿದ್ದ. ಜಗಲಿಯ ಮೇಲೆ ಅದನ್ನು ಬಿಚ್ಚಿ ಹರಡಿದ.

"ಮೂಸಿ ನೋಡಿ ಅಮ್ಮಾ," ಎಂದ ತೆಲುಗಿನಲ್ಲಿ. "ಮೊದಲೆಲ್ಲ ನಮ್ಮ ರಾಗಿ ಸಂತೆಗೆ ಹೋಗ್ತಿತ್ತು. ಅಲ್ಲಿ ಎಲ್ಲರದೂ ಒಂದೇ ರಾಶಿ. ನನ್ನದು ಚೆನ್ನಾಗಿದ್ರೂ ಒಂದೇ, ಕೆಟ್ಟಿದ್ರೂ ಒಂದೇ. ಈ ಸಲ ನನ್ನ ಹೆಸರು ಬರೆದು ಚೀಲಕ್ಕೆ ಕಟ್ಟಿದ್ದೀನಿ. ಮೋಸ ಮಾಡೋನು ಹೆಸರು ಬರೀತಾನಾ?"

ಹೆಂಗಸರು ಬೊಗಸೆಯಲ್ಲಿ ಎತ್ತಿ ನೋಡಿದರು. ಕಾಳು ಹೊಳೆಯುತ್ತಿತ್ತು. ಹೊಲದ ವಾಸನೆ ಬಿಟ್ಟರೆ ಬೇರೆ ವಾಸನೆ ಅದಕ್ಕಿರಲಿಲ್ಲ.

ಸುಲೋಚನಾಗೆ ಆಗ ಒಂದು ವಿಷಯ ಹೊಳೆಯಿತು. ಕಾಮೇಶ್ವರನ ಹೊಲದಿಂದ ಬಂದಿದ್ದು ಎರಡು ಚೀಲ. ಒಂದನ್ನು ಅವಳ ಮನೆಯಲ್ಲಿ ಇರಿಸಿದ್ದರು. ಅದರಿಂದ ಮಾಡಿದ ಪ್ಯಾಕೆಟ್ಟುಗಳಿಗೆ ಬೇರೆ ನಂಬರು ಇತ್ತು. ಅವುಗಳಲ್ಲಿ ಒಂದನ್ನು ತಂದು ಒಡೆದಳು. ಎಲ್ಲರೂ ಮೂಸಿದರು, ಗಂಜಿ ಕಾಯಿಸಿ ರುಚಿ ನೋಡಿದರು. ಹಿಟ್ಟು ಚೆನ್ನಾಗಿತ್ತು.

"ಒಂದೇ ಹೊಲ, ಒಂದೇ ಕೊಯ್ಲು," ಎಂದಳು ಸುಲೋಚನಾ ಮೆಲ್ಲಗೆ. "ಒಂದು ಚೀಲ ಚೆನ್ನಾಗಿದೆ, ಇನ್ನೊಂದು ಕೆಟ್ಟಿದೆ. ಹಾಗಾದ್ರೆ ಕೆಟ್ಟಿದ್ದು ಹೊಲದಲ್ಲಲ್ಲ. ಆ ಇನ್ನೊಂದು ಚೀಲ ಎಲ್ಲಿತ್ತು?"

ಎಲ್ಲಿತ್ತು ಎಂದು ಎಲ್ಲರಿಗೂ ಗೊತ್ತಿತ್ತು.

ಸೂರ್ಯಕಾಂತಮ್ಮ ಎದ್ದು ತಮ್ಮ ಹಿಂದಿನ ಕೋಣೆಗೆ ಹೋದರು. ಚೀಲ ಒರಗಿಸಿಟ್ಟಿದ್ದ ಮೂಲೆಯಲ್ಲಿ ಗೋಡೆಗೆ ಅಂಗೈ ಒತ್ತಿದರು. ಕೈಗೆ ತೇವ ಹತ್ತಿತು. ಆ ತಿಂಗಳು ಸಮುದ್ರದ ಕಡೆಯಿಂದ ಬಂದ ಮಳೆ ಬಿಡದೆ ಸುರಿದಿತ್ತು. ಗೋಡೆ ನೀರು ಕುಡಿದಿತ್ತು, ಚೀಲ ಬರಿ ನೆಲದ ಮೇಲೆ ಗೋಡೆಗೆ ತಾಗಿಕೊಂಡೇ ಇತ್ತು. ತಳದ ರಾಗಿಗೆ ಬೂಸ್ಟು ಹಿಡಿದಿತ್ತು. ಹುರಿದ ಘಮಲು, ಏಲಕ್ಕಿಯ ಘಮಲು ಸೇರಿ, ಪ್ಯಾಕೆಟ್ ಮಾಡುವಾಗ ಯಾರ ಮೂಗಿಗೂ ಅದು ತಿಳಿದಿರಲಿಲ್ಲ.

ಹೊರಗೆ ಬಂದ ಅವರು ನೇರವಾಗಿ ಕಾಮೇಶ್ವರನ ಮುಂದೆ ನಿಂತರು. "ತಪ್ಪು ನಮ್ಮ ಮನೀದಪ್ಪಾ. ನಿನ್ನ ಮ್ಯಾಲೆ ಹಾಕಿದ್ದೆ. ಮನಸ್ಸಿನಾಗ ಇಟ್ಕೋಬ್ಯಾಡ," ಎಂದು ಕನ್ನಡದಲ್ಲೇ ಶುರು ಮಾಡಿ, ಮತ್ತೆ ಅದನ್ನೇ ತೆಲುಗಿನಲ್ಲಿ ಹೇಳಿದರು.

"ಬಿಡಿ ಅಮ್ಮಾ. ತಿಳೀತಲ್ಲ, ಸಾಕು," ಎಂದ ಕಾಮೇಶ್ವರ. ಅವನ ಭುಜ ಹಗುರಾದದ್ದು ಎಲ್ಲರಿಗೂ ಕಂಡಿತು.

"ಈಗ ಆ ನಂಬರಿನ ಪ್ಯಾಕೆಟ್ಟುಗಳನ್ನೆಲ್ಲ ವಾಪಸ್ ತರಿಸ್ಬೇಕು ಪಿನ್ನಿ," ಎಂದಳು ಸುಲೋಚನಾ. "ಬೂಸ್ಟು ಹಿಡಿದ ಧಾನ್ಯ ಮಕ್ಕಳ ಹೊಟ್ಟೆಗೆ ಹೋಗಬಾರದು. ಆ ನಂಬರಿನವು ಮಾತ್ರ ಸಾಕು. ಉಳಿದವಕ್ಕೆ ಏನೂ ಆಗಿಲ್ಲ."

"ತರಿಸೋದಲ್ಲ. ನಾವೇ ಹೋಗೋಣು, ಮಾತು ನಾನಾಡ್ತೀನಿ. ನಿನ್ನ ತೆಲುಗು ವಿಜಯವಾಡದಾಗ ನಡ್ಯಂಗಿಲ್ಲ."

ಬೆಳಗಿನ ರೈಲಿಗೆ ಇಬ್ಬರೂ ಹೊರಟರು. ಗವರ್ನರ್‌ಪೇಟೆಯ ಆಟೋಗಳ ಗದ್ದಲ ದಾಟಿ ಅಂಗಡಿ ಮುಟ್ಟುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿತ್ತು. ರಾಮ್‌ಪ್ರಸಾದ್ ಫೋನು ಮಾಡಿದ್ದರಿಂದ ಸಾಹಿತ್ಯಳೂ ಮಗುವನ್ನೆತ್ತಿಕೊಂಡು ಬಂದಿದ್ದಳು. ಗಿರಾಕಿಗಳ ಮುಂದೆಯೇ ಸೂರ್ಯಕಾಂತಮ್ಮ ನಡೆದದ್ದನ್ನು ಹೇಳಿದರು. ರಾಗಿ ಯಾರದು, ಎಲ್ಲಿ ಕೆಟ್ಟಿತು, ಯಾರ ಅಜಾಗರೂಕತೆ ಎಂಬುದನ್ನೆಲ್ಲ ಒಂದೂ ಮುಚ್ಚಿಡದೆ ಹೇಳಿದರು. ಹೇಳುವಾಗ ತಲೆ ತಗ್ಗಿಸಲಿಲ್ಲ.

"ಮಗು ಹೇಗಿದೆಯಮ್ಮಾ?" ಎಂದು ಕೊನೆಗೆ ಕೇಳಿದರು.

"ಚೆನ್ನಾಗಿದ್ದಾಳೆ. ಒಂದು ತುತ್ತೂ ಒಳಗೆ ಬಿಡಲಿಲ್ಲ," ಎಂದಳು ಸಾಹಿತ್ಯ. "ನಾನು ಜಗಳ ಆಡೋಕೆ ಅಂತಲೇ ಬಂದಿದ್ದೆ. ಅಂಗಡಿಯವರನ್ನ ಕೇಳಿದ್ರೆ ಕಂಪನಿ ಅಂತಾರೆ, ಕಂಪನಿಯವರನ್ನ ಕೇಳಿದ್ರೆ ಅಂಗಡಿ ಅಂತಾರೆ. ನೀವು ಊರಿಂದ ಊರಿಗೆ ಬಂದು ಹೇಳಿದ್ರಿ." ಅವಳು ಅಂಗಡಿಯ ಕಪಾಟಿನ ಕಡೆ ನೋಡಿದಳು. "ಆ ರೈತರ ಇನ್ನೊಂದು ಚೀಲದ ಹಿಟ್ಟು ಇದ್ದರೆ ಕೊಡಿ."

ರಾಮ್‌ಪ್ರಸಾದ್ ಕೆಟ್ಟ ನಂಬರಿನ ಪ್ಯಾಕೆಟ್ಟುಗಳನ್ನು ಆರಿಸಿ ಕೊಟ್ಟರು. ಆ ನಂಬರಿನದನ್ನು ಕೊಂಡವರು ಮರಳಿ ತನ್ನಿ ಎಂದು ಅಂಗಡಿಯ ಮುಂದೆ ಫಲಕ ಬರೆಸಿದರು. ಉಳಿದ ಪ್ಯಾಕೆಟ್ಟುಗಳನ್ನು ಒಳಗಿನ ಸಾಲಿನಿಂದ ತೆಗೆದು, ಎಲ್ಲರಿಗೂ ಕಾಣುವ ಹಾಗೆ ಮುಂದಿನ ಸಾಲಿಗೆ ತಂದಿಟ್ಟರು.

"ನಂಬರು ಇಲ್ಲದೆ ಹೋಗಿದ್ದರೆ ಎಲ್ಲಾನೂ ವಾಪಸ್ ಕಳಿಸಬೇಕಿತ್ತು, ಗೊತ್ತಾ?" ಎಂದರು.

ಪೆಂಡುರ್ತಿಗೆ ಮರಳಿದ ಮೇಲೆ ಸೂರ್ಯಕಾಂತಮ್ಮ ಮೊದಲು ಮಾಡಿಸಿದ್ದು ಮರದ ಹಲಗೆಗಳನ್ನು. ಈಗ ಚೀಲಗಳು ತೇವವಿಲ್ಲದ ಕೋಣೆಯಲ್ಲಿ, ಗೋಡೆಯಿಂದ ಒಂದು ಮೊಳ ಆಚೆಗೆ, ಹಲಗೆಯ ಮೇಲೆ ಇರುತ್ತವೆ. ಹುರಿಯುವ ಮೊದಲು ಪ್ರತಿ ಚೀಲದ ತಳದ ರಾಗಿಯನ್ನು ತೆಗೆದು ಮೂಸಿ ನೋಡುವ ಕೆಲಸ ಅವರದೇ. ಪ್ಯಾಕೆಟ್ಟಿನ ಮೇಲೆ ಬರಿ ನಂಬರು ಸಾಲದು, ಬೆಳೆದವನ ಹೆಸರೂ ಊರೂ ಇರಲಿ ಎಂದವರೂ ಅವರೇ.

ಮುಂದಿನ ಕೊಯ್ಲಿನ ರಾಗಿ ತಂದಾಗ ಕಾಮೇಶ್ವರ ಆ ಪ್ಯಾಕೆಟ್ಟನ್ನು ನೋಡಿದ. ತನ್ನ ಹೆಸರಿನ ಮೇಲೆ ಬೆರಳಾಡಿಸಿದ. ಒಂದನ್ನು ಊರಿಗೆ ಒಯ್ಯಬಹುದಾ ಎಂದು ಕೇಳಿದ.

"ತಿನ್ನಾಕ ನಿಮ್ಮನಿಯಾಗ ರಾಗಿ ಇಲ್ಲೇನಪ್ಪಾ?" ಎಂದು ಸೂರ್ಯಕಾಂತಮ್ಮ ನಗಾಡಿದರು.

"ತಿನ್ನೋದಕ್ಕಲ್ಲ ಅಮ್ಮಾ. ನಮ್ಮೂರಿನವರಿಗೆ ತೋರಿಸೋದಕ್ಕೆ. ನಮ್ಮ ಊರಿನ ಹೆಸರು ವಿಜಯವಾಡದ ಅಂಗಡಿಯಲ್ಲಿದೆ ಅಂದರೆ ಯಾರೂ ನಂಬೋದಿಲ್ಲ."

ಓದುತ್ತಿರುವ, ಕೇಳುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನೀವು ಬೆಳೆಯುವವರಾದರೆ ನಿಮ್ಮ ಚೀಲಕ್ಕೆ ನಿಮ್ಮ ಹೆಸರಿನ ಚೀಟಿ ಕಟ್ಟಿ. ನಿಮ್ಮ ಬೆವರು ಗುರುತಿಲ್ಲದ ರಾಶಿಯಲ್ಲಿ ಕಳೆದುಹೋಗದಿರಲಿ. ತಿಂಡಿ, ಹಿಟ್ಟು, ಪುಡಿ ಮಾಡುವ ಸಂಘದವರಾದರೆ ಒಬ್ಬರ ಬೆಳೆಗೆ ಇನ್ನೊಬ್ಬರದನ್ನು ಬೆರೆಸುವ ಮೊದಲು ಯೋಚಿಸಿ, ಕಾಳನ್ನು ತೇವಕ್ಕೆ ತಾಗಿಸಬೇಡಿ, ಪ್ಯಾಕೆಟ್ಟಿಗೆ ಬ್ಯಾಚ್ ನಂಬರು ಹಾಕಿ. ಕೊಳ್ಳುವವರಾದರೆ ಆ ನಂಬರು ಇದೆಯೇ ಎಂದು ನೋಡಿ, ಹಿಟ್ಟನ್ನು ಡಬ್ಬಿಗೆ ಸುರಿದರೂ ಅದು ಮುಗಿಯುವ ತನಕ ಪ್ಯಾಕೆಟ್ಟನ್ನು ಎಸೆಯಬೇಡಿ. ಏನಾದರೂ ಹೆಚ್ಚುಕಡಿಮೆ ಕಂಡರೆ ಸುಮ್ಮನೆ ಚೆಲ್ಲಿಬಿಡದೆ ಅಂಗಡಿಗೆ ತಿಳಿಸಿ. ನಿಮ್ಮ ಒಂದು ಮಾತಿನಿಂದ ಇನ್ನೆಷ್ಟೋ ಮನೆಗಳ ಮಕ್ಕಳಿಗೆ ಒಳ್ಳೆಯದಾಗುತ್ತದೆ.

ಇದು ನಾನು ಬೆಳೆದದ್ದು, ಇದು ನಾವು ಮಾಡಿದ್ದು ಎಂದು ಎದೆ ತಟ್ಟಿ ಹೇಳುವವರ ಅನ್ನವೇ ನಮ್ಮೆಲ್ಲರ ತಟ್ಟೆಗೆ ಬರಲಿ.